ಆಧಾರ ಸಿಗದವರ ಪುಟ

ನಮ್ಮ ವಂಶದ ಪುಸ್ತಕದಲ್ಲಿ ಯಾರ ಹೆಸರು ಮುಂದೆ, ಯಾರದು ಹಿಂದೆ ಎಂಬುದನ್ನು ದೊಡ್ಡಪ್ಪ ತೀರ್ಮಾನಿಸಿದರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸುಳ್ಳು. ಮೌಸ್ ಹಿಡಿದಿದ್ದ ಕೈ ನನ್ನದು. ದೊಡ್ಡಪ್ಪನಿಗೆ ಮೌಸಿನ ಬಾಲ ಯಾವ ಕಡೆ ಇರಬೇಕು ಎಂಬುದೂ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷ ಆಗಿತ್ತು. ನನಗೆ ಮೂವತ್ತೊಂದು, ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ಅಮ್ಮನ ಜೊತೆ ತುಮಕೂರಿನ ಸದಾಶಿವನಗರದಲ್ಲಿದ್ದುಕೊಂಡು ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಬೇರೆಯವರ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ದಿನಕ್ಕೆ ನಾಲ್ಕು ಮದುವೆ ಟೈಪ್ ಮಾಡುವವಳಿಗೆ ಜನರ ಮೇಲೆ ಎಷ್ಟು ಪ್ರೀತಿ ಉಳಿದಿರುತ್ತದೆ ಎಂದು ನೀವೇ ಯೋಚಿಸಿ. ನನ್ನ ನಾಲಿಗೆ ಚೂಪಾಗಿತ್ತು. ನೆಂಟರು ನನ್ನನ್ನು ಕಂಡರೆ ಹೆದರುತ್ತಿದ್ದರು, ಅದು ನನಗೆ ಇಷ್ಟವಾಗುತ್ತಿತ್ತು.

ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಗುಬ್ಬಿಯಲ್ಲಿದ್ದರು. ಹೆಡ್‌ಮಾಸ್ಟರಾಗಿ ರಿಟೈರ್ ಆದವರು. ಗದರುವುದಕ್ಕೆ ಮಕ್ಕಳು ಸಿಗದೆ ಬೇಜಾರಾಗಿ ವಂಶವೃಕ್ಷ ಮಾಡಲು ಹೊರಟರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಹಳೆ ಕಂಪ್ಯೂಟರನ್ನೂ, ವಂಶಾವಳಿ ಬರೆದಿಡುವ ಇಂಗ್ಲಿಷ್ ಸಾಫ್ಟ್‌ವೇರಿನ ಒಂದು ಸಿ.ಡಿ.ಯನ್ನೂ ತಂದುಕೊಟ್ಟಿದ್ದ. ಭಾನುವಾರ ಬೆಳಗ್ಗೆ ನಾನು ಬಸ್ ಹತ್ತಿ ಗುಬ್ಬಿಗೆ ಹೋಗಬೇಕು, ಅವರು ಹೇಳಿದ್ದನ್ನು ಟೈಪ್ ಮಾಡಬೇಕು, ಸಂಜೆ ವಾಪಸ್ ಬರಬೇಕು. ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರಿನ ಕೆಳಗೆ ‘ಸಂಪಾದಕಿ’ ಎಂದು ನನ್ನ ಹೆಸರು ಹಾಕಿಸುತ್ತೇನೆ ಎಂದರು. ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುವ ಲಕ್ಷಣ ಎಲ್ಲೂ ಕಾಣುತ್ತಿರಲಿಲ್ಲ. ಒಪ್ಪಿಕೊಂಡೆ.

ಆ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಹುಟ್ಟು, ಮದುವೆ, ಸಾವು. ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಚಿಕ್ಕ ಚೌಕ: ಈ ವಿಷಯ ನಿನಗೆ ಎಲ್ಲಿಂದ ಗೊತ್ತಾಯಿತು? ಉತ್ತರ ಕೊಟ್ಟರೆ ಚೌಕದಲ್ಲಿ ಹಸಿರು ಟಿಕ್ಕು ಬೀಳುತ್ತಿತ್ತು, ಕೊಡದಿದ್ದರೆ ಬೋಳಾಗಿರುತ್ತಿತ್ತು. ಆಧಾರಗಳಿಗೆಂದೇ ಬೇರೆ ಪಟ್ಟಿ ಇತ್ತು. ಶಾಲೆಯ ದಾಖಲಾತಿ, ಪಹಣಿ, ಲಗ್ನಪತ್ರಿಕೆ, ಇಂಥವರ ನೆನಪು, ಹೀಗೆ ಒಂದೊಂದನ್ನೂ ಅಲ್ಲಿ ಒಂದು ಸಲ ಬರೆದಿಟ್ಟರೆ ಸಾಕು, ಆಮೇಲೆ ಬೇಕಾದವರ ಹೆಸರಿಗೆಲ್ಲ ತಗುಲಿಹಾಕಬಹುದು. ಪಟ್ಟಿಯಲ್ಲಿ ಒಂದು ಕಡೆ ತಿದ್ದಿದರೆ, ಅದನ್ನು ತಗುಲಿಹಾಕಿದ ಎಲ್ಲ ಕಡೆಯೂ ತಾನಾಗಿಯೇ ತಿದ್ದಿಕೊಳ್ಳುತ್ತಿತ್ತು. ಪುಸ್ತಕ ಅಚ್ಚಾದಾಗ ಆ ಹೆಸರಿನ ಅಡಿಟಿಪ್ಪಣಿ ಹೇಗೆ ಕಾಣುತ್ತದೆ ಎಂಬುದನ್ನು ಪರದೆಯ ಕೆಳಗಿನ ಅಂಚಿನಲ್ಲಿ ಮೊದಲೇ ತೋರಿಸುತ್ತಿತ್ತು. ಜೊತೆಗೆ, ಆ ಆಧಾರವನ್ನು ಎಷ್ಟು ನಂಬಬಹುದು ಎಂದು ಸೊನ್ನೆಯಿಂದ ಮೂರರವರೆಗೆ ನಾವೇ ಅಂಕ ಕೊಡಬೇಕಿತ್ತು.

ನೆಂಟರಿಗೆ ಅಂಕ ಕೊಡುವ ಅಧಿಕಾರ ಯಾರಿಗೆ ಸಿಗುತ್ತದೆ ಹೇಳಿ? ನನಗೆ ಸಿಕ್ಕಿತ್ತು. ನನ್ನನ್ನು ನೋಡಿದಾಗಲೆಲ್ಲ “ನಿಂದ್ಯಾವಾಗಮ್ಮ ಊಟ ಹಾಕ್ಸೋದು” ಎಂದು ಕೇಳುತ್ತಿದ್ದ ಸೋದರತ್ತೆಯ ನೆನಪಿಗೆ ಒಂದು ಕೊಟ್ಟೆ. ನನಗೆ ಬಂದಿದ್ದ ಒಂದು ಸಂಬಂಧವನ್ನು ಕಿವಿ ಊದಿ ತಪ್ಪಿಸಿದ್ದ ಅವಳ ಗಂಡನಿಗೆ ಸೊನ್ನೆ. ಅವನು ಹೇಳಿದ್ದು ಸ್ವಂತ ತಾಯಿಯ ಹೆಸರನ್ನು, ಆದರೂ ಸೊನ್ನೆಯೇ. ನಾನೇ ಕಂಡದ್ದು, ನನಗೇ ಗೊತ್ತಿರುವುದು ಇದ್ದರೆ ‘ಸಂಪಾದಕಿಗೆ ಸ್ವತಃ ತಿಳಿದದ್ದು’ ಎಂದು ಹಾಕಿ ಮೂರಕ್ಕೆ ಮೂರು ಕೊಟ್ಟುಕೊಳ್ಳುತ್ತಿದ್ದೆ. ಕೆಳಗಿನ ಅಂಚಿನಲ್ಲಿ ಆ ಸಾಲು ಮೂಡುವುದನ್ನು ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ಈ ಪುಸ್ತಕಕ್ಕೆ ನಿಜವಾದ ಬೆಲೆ ಬಂದದ್ದು ಹೆಣಗಳಿಂದ. ಹಾಗಲವಾಡಿ ಕಡೆ ನಮ್ಮ ಹೊಲದ ಮೂಲೆಯಲ್ಲಿ ನಮ್ಮವರ ಸಮಾಧಿಗಳಿವೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಬದುಕಿದ್ದಾಗ ಒಂದು ಲೋಟ ನೀರು ಕೊಡದ ದೂರದ ದಾಯಾದಿಗಳು ಸತ್ತಾಗ ಮಾತ್ರ ನೆಂಟಸ್ತನ ಜ್ಞಾಪಿಸಿಕೊಂಡು ಅಲ್ಲಿಗೆ ಹೆಣ ಹೊತ್ತು ತರುತ್ತಿದ್ದರು. ಜಾಗ ಕಿರಿದಾಗುತ್ತಾ ಬಂತು. ಕೊನೆಗೆ ಹಿರಿಯರೆಲ್ಲ ಯಡಿಯೂರಿನಲ್ಲಿ ಸೇರಿ ತೀರ್ಮಾನ ಮಾಡಿದರು: ದೊಡ್ಡಪ್ಪನ ಪುಸ್ತಕದಲ್ಲಿ ಆಧಾರ ಸಮೇತ ಹೆಸರಿರುವವರಿಗೆ ಮಾತ್ರ ಅಲ್ಲಿ ಜಾಗ. ಮಿಕ್ಕವರು ಅವರವರ ಊರಿನಲ್ಲಿ ನೋಡಿಕೊಳ್ಳಲಿ. ದೊಡ್ಡಪ್ಪ ಅವತ್ತು ಮನೆಗೆ ಬಂದಾಗ ಎರಡು ಅಂಗುಲ ಎತ್ತರವಾಗಿದ್ದರು.

ಈ ಸುದ್ದಿ ಕುಣಿಗಲ್ಲಿಗೂ ಮುಟ್ಟಿತು. ಅಲ್ಲಿ ನಮ್ಮ ಅಜ್ಜಿ ಇದ್ದಳು.

ಅಜ್ಜಿ ಎಂದರೆ ತಾತನ ಎರಡನೆಯ ಹೆಂಡತಿ. ದೊಡ್ಡಪ್ಪನನ್ನೂ ಅಪ್ಪನನ್ನೂ ಹೆತ್ತವಳು ಅಪ್ಪ ಮೂರು ವರ್ಷದವರಿದ್ದಾಗಲೇ ಸತ್ತಿದ್ದಳು. ಆಮೇಲೆ ತಾತ ಕುಣಿಗಲ್ ಕಡೆಯ ಒಬ್ಬ ಸಣ್ಣ ವಯಸ್ಸಿನ ವಿಧವೆಯನ್ನು ಸೀರುಡಿಕೆ ಮಾಡಿಕೊಂಡು ತಂದರು. ಸೀರುಡಿಕೆ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಕೊಟ್ಟು, ಉಡಿಸಿ, ಮನೆಗೆ ಕರೆದುಕೊಳ್ಳುವುದು. ಅದಕ್ಕೆ ಓಲಗವಿಲ್ಲ, ಚಪ್ಪರವಿಲ್ಲ, ಪತ್ರಿಕೆಯಿಲ್ಲ. ಮುತ್ತೈದೆಯರು ಅದನ್ನು ಕಣ್ಣಿಂದ ನೋಡಬಾರದು. ನೋಡಿದ ಗಂಡಸರು ಆಮೇಲೆ ಬಾಯಿ ಬಿಡಬಾರದು. ಹೀಗೆ ಬಂದವಳು ಹನ್ನೊಂದು ವರ್ಷ ಆ ಮನೆಯಲ್ಲಿ ಬೇಯಿಸಿ ಹಾಕಿದಳು, ಅಪ್ಪನನ್ನು ಎತ್ತಿ ಬೆಳೆಸಿದಳು. ಅಪ್ಪ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು. ಆಗಲೇ ದೊಡ್ಡ ಹುಡುಗನಾಗಿದ್ದ ದೊಡ್ಡಪ್ಪ ಅವಳು ಬಡಿಸಿದ್ದನ್ನು ಉಂಡರು, ಅವ್ವ ಎಂದು ಮಾತ್ರ ಒಮ್ಮೆಯೂ ಕರೆಯಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ. ತಾತ ಸತ್ತ ತಿಂಗಳಿಗೆ ದೊಡ್ಡಪ್ಪ ಅವಳ ಪೆಟ್ಟಿಗೆಯನ್ನು ಕುಣಿಗಲ್ ಬಸ್ಸಿನ ಮೇಲೆ ಹಾಕಿಸಿದರು.

ಅವಳು ತಮ್ಮನ ಮನೆ ಸೇರಿಕೊಂಡಳು. ತಮ್ಮನೂ ಹೋದ ಮೇಲೆ, ಬಟ್ಟೆ ಹೊಲಿದು ಬದುಕುತ್ತಿದ್ದ ಅವನ ಮಗಳು ನೋಡಿಕೊಳ್ಳುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಅಪ್ಪ ದೊಡ್ಡಪ್ಪನಿಗೆ ಹೇಳದೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅವಳ ಕೈಯ ಬಸ್ಸಾರು ಮುದ್ದೆ ಉಂಡಿದ್ದೇನೆ, ಅವಳ ಮಡಿಲಲ್ಲಿ ತಲೆ ಬಾಚಿಸಿಕೊಂಡಿದ್ದೇನೆ. ಅವಳು ಯಾರು ಎಂಬುದನ್ನು ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಭಾನುವಾರ ತಮ್ಮನ ಮಗಳ ಕೈ ಹಿಡಿದುಕೊಂಡು ಅಜ್ಜಿ ಗುಬ್ಬಿಗೆ ಬಂದಳು. ಅವಳನ್ನು ಕಂಡದ್ದೇ ತಡ, ದೊಡ್ಡಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

“ಏನ್ ಮಗ, ಎಲ್ಲಾರ್ನೂವೆ ಬರ್ಕಂತಿದ್ಯಂತೆ. ನನ್ನೂ ಬರ್ಕೊ.”

“ಬರ್ಕೊಳ್ಳೋಕೆ ಆಧಾರ ಬೇಕು ಅಜ್ಜಿ.”

“ಅಂಗಂದ್ರೆ?”

“ನಿಮ್ಮ ಮದ್ವೆ ಆಯ್ತು ಅನ್ನೋಕೆ ಏನಿದೆ? ಪತ್ರಿಕೆ, ಫೋಟೋ, ಏನಾದ್ರೂ?”

ಅಜ್ಜಿ ನಕ್ಕಳು. “ಸೀರುಡಿಕೆಗೆ ಪತ್ರಿಕೆ ಹೊಡುಸ್ತಾರೇನವ್ವ? ಹೊತ್ತು ಮುಳುಗೋ ಟೇಮಲ್ಲಿ ಹಿತ್ತಲ್ಕಡೆ ಸೀರೆ ಕೊಟ್ರು, ಉಟ್ಕಂಡೆ, ನಿಮ್ ತಾತನ ಹಿಂದೆ ಬಂದೆ. ಅಷ್ಟೇಯ.”

“ಸರಿ, ನೋಡಿದೋರು ಯಾರಿದಾರೆ?”

“ನಿಮ್ಮೋರೆಲ್ಲ ಹೋದ್ರು. ಒಬ್ಬ ಅವ್ನೆ, ಹೊಲದ ಕೆಲ್ಸದೋನು. ಅವತ್ತು ಪಂಜು ಹಿಡ್ಕಂಡಿದ್ದೋನು ಅವ್ನೇಯ.”

“ಹೊಲದ ಕೆಲ್ಸದೋರನ್ನೆಲ್ಲ ನಮ್ಮ ಪುಸ್ತಕದಲ್ಲಿ ಹಾಕೋಕಾಗಲ್ಲ ಅಜ್ಜಿ” ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಆಗ ಅನ್ನಿಸಿತು. ಡಿ.ಟಿ.ಪಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದ್ದೆ.

ಅವಳು ಕೋಪ ಮಾಡಿಕೊಳ್ಳಲಿಲ್ಲ. ಹಂಗಾದ್ರೆ ಹೆಳವನನ್ನು ಕೇಳು ಎಂದಳು. ಹೆಳವರು ಎಂದರೆ ಎತ್ತಿನ ಜೊತೆ ಊರೂರು ಸುತ್ತುತ್ತಾ, ತಮಗೆ ಸೇರಿದ ಮನೆತನಗಳ ವಂಶಾವಳಿಯನ್ನು ಬಾಗಿಲಲ್ಲಿ ನಿಂತು ಹೇಳುವವರು. ಹೊಸದಾಗಿ ಹುಟ್ಟಿದವರನ್ನೂ ಮದುವೆಯಾಗಿ ಬಂದವರನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಕೊಟ್ಟ ಕಾಳುಕಡ್ಡಿ ತೆಗೆದುಕೊಂಡು ಹೋಗುತ್ತಾರೆ. ಕೆಲವು ವರ್ಷಕ್ಕೊಮ್ಮೆ ನಮ್ಮ ಮನೆಗೂ ಬರುತ್ತಿದ್ದರು.

“ಹಿತ್ತಾಳೆ ಚೊಂಬು ಕೊಟ್ಟು ಬರ್ಸಿವ್ನಿ ಮಗ. ಅವ್ನ ಮುಂದೆ ಕುಂತು ಎರಡು ಸತಿ ಓದ್ಸಿ ಕೇಳಿವ್ನಿ.”

ಹೆಳವ ಬರುವವರೆಗೆ ಇರಲಿ ಎಂದು ಅವಳ ಹಾಳೆ ತೆರೆದು ಸದ್ಯಕ್ಕೆ ಒಂದು ಆಧಾರ ಬರೆದೆ. ಕೆಳಗಿನ ಅಂಚಿನಲ್ಲಿ ಮೂಡಿದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ: “ಮದುವೆ: ಸ್ವಂತ ಹೇಳಿಕೆ ಮಾತ್ರ. ಬೇರೆ ಸಾಕ್ಷಿ ಇಲ್ಲ. ನಂಬಿಕೆ, ಸೊನ್ನೆ.” ಓದಿ ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಓದಿದೆ. ಅವಳ ಪಕ್ಕದಲ್ಲಿ ನಿಂತಿದ್ದ ತಮ್ಮನ ಮಗಳು ತಲೆ ತಗ್ಗಿಸಿದಳು. ಅಜ್ಜಿ ಮಾತ್ರ ಪರದೆಯ ಮೇಲೆ ಬೆರಳಿಟ್ಟು, “ಇದೇನಾ ನನ್ನೆಸ್ರು?” ಎಂದು ಕೇಳಿದಳು.

“ಹೂಂ.”

“ಅವ್ರ ಮಗ್ಗುಲಲ್ಲಿ ಕೂರ್ಸುದ್ರೆ ಸಾಕು ಕಣವ್ವ. ನನಗಿನ್ನೇನೂ ಬ್ಯಾಡ. ಆ ಹನ್ನೊಂದು ವರ್ಸ ಬುಟ್ರೆ ಎಲ್ಲಿದ್ರೂ ಬ್ಯಾರೇರ ಮನೇಲಿದ್ದಂಗೇ ಇತ್ತು ನಂಗೆ.”

ತಾತನ ಸಮಾಧಿಯ ಎಡಗಡೆ ಜಾಗ ಖಾಲಿ ಇತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ರಾಗಿ ಕೊಯ್ಲಾದ ಮೇಲೆ ಹೆಳವ ಬಂದ. ಎತ್ತನ್ನು ದೊಡ್ಡಪ್ಪನ ಮನೆಯ ಮುಂದಿನ ಲೈಟುಕಂಬಕ್ಕೆ ಕಟ್ಟಿದ. ವರಾಂಡದಲ್ಲಿ ಕುಳಿತು, ಬಟ್ಟೆಗಂಟಿನಿಂದ ದಪ್ಪ ಪುಸ್ತಕ ತೆಗೆದ. ನಾನು ಕೀಬೋರ್ಡಿನ ಮುಂದೆ ಸಿದ್ಧಳಾಗಿದ್ದೆ. ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದು ಕುಳಿತಿದ್ದರು. ನಮ್ಮ ಮೂಲಪುರುಷ ಯಾವುದೋ ಪಾಳೆಯಗಾರನ ಬಳಿ ದೊಡ್ಡ ಅಧಿಕಾರದಲ್ಲಿದ್ದನೆಂದು ಅವರು ಮೊದಲೇ ತೀರ್ಮಾನಿಸಿಯಾಗಿತ್ತು. ಹೆಳವನ ಬಾಯಲ್ಲಿ ಅದು ಬರುವುದಷ್ಟೇ ಬಾಕಿ.

ಹೆಳವ ರಾಗವಾಗಿ ಶುರು ಮಾಡಿದ. ಮೂಲಪುರುಷ ಎಲ್ಲಿಂದ ಬಂದ, ಯಾವ ಕೆರೆ ಕೆಳಗೆ ಗುಡಿಸಲು ಹಾಕಿದ ಎಂಬುದೆಲ್ಲ ಬಂತು. ಪಾಳೆಯಗಾರ ಬರಲಿಲ್ಲ. ಆಮೇಲೆ ಅವನು ಹೇಳಿದ್ದು ಇದು: “ಮೂಲಪುರುಷ್ರಿಗೆ ಇಬ್ರು ಹೆಂಡ್ರು. ಮೊದಲ್ನೇ ತಾಯಿಗೆ ಮಕ್ಳಿಲ್ಲ. ಎರಡ್ನೇ ತಾಯಿ ಸೀರುಡಿಕೆ. ಆ ತಾಯಿ ಹೊಟ್ಟೇಲಿ ಹುಟ್ಟಿದ್ದೇ ನಿಮ್ಮ ವಂಶ ಎಲ್ಲಾನೂವೆ, ಸ್ವಾಮಿ.”

ದೊಡ್ಡಪ್ಪ ಕೈಯೆತ್ತಿ ನಿಲ್ಲಿಸಲು ಹೋದರು. ಒಮ್ಮೆ ಶುರುವಾದ ಹೆಳವ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ತಲೆಮಾರಿನ ಮೇಲೆ ತಲೆಮಾರು ಇಳಿಯುತ್ತಾ ಬಂದು ತಾತನ ಹೆಸರು ಹೇಳಿದ. ಅವರ ಮೊದಲ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಹೆಣ್ಣುಮಗಳು. “ಎರಡ್ನೇ ಸಂಬಂಧ, ಸೀರುಡಿಕೆ, ಕುಣಿಗಲ್ ಸೀಮೆ ತಾಯಿ. ಚೊಂಬು ಕೊಟ್ಟವ್ರೆ” ಎಂದು ಅಜ್ಜಿಯ ಹೆಸರನ್ನೂ ಓದಿದ. ನಾನು ‘ಹೆಳವರ ಪುಸ್ತಕ’ ಎಂದು ಹೊಸ ಆಧಾರ ಮಾಡಿ, ಎರಡು ಅಂಕ ಕೊಟ್ಟು, ಅವನು ಹೇಳಿದ ಐವತ್ತು ಚಿಲ್ಲರೆ ಹೆಸರಿಗೂ ತಗುಲಿಹಾಕಿದ್ದೆ. ಅಜ್ಜಿಯ ಮದುವೆಯ ಪಕ್ಕದಲ್ಲೂ ಹಸಿರು ಟಿಕ್ಕು ಬಿತ್ತು. ಅದು ಅಲ್ಲಿದ್ದದ್ದು ಹೆಚ್ಚೆಂದರೆ ಒಂದು ಗಂಟೆ.

ಹೆಳವನಿಗೆ ರಾಗಿ, ಒಂದು ಪಂಚೆ ಕೊಟ್ಟು ಕಳಿಸಿದ ಮೇಲೆ ದೊಡ್ಡಪ್ಪ ನನ್ನ ಹಿಂದೆ ಬಂದು ನಿಂತರು.

“ತೆಗಿ ಅದನ್ನ. ಬಾಗಿಲಲ್ಲಿ ಬೇಡೋರ ಮಾತನ್ನೆಲ್ಲ ಆಧಾರ ಅಂತ ಹಾಕ್ತಾರೇನೇ?”

“ತೆಗುದ್ರೆ ಐವತ್ತು ಜನ ಬರಿದಾಗೋಗ್ತಾರೆ ದೊಡ್ಡಪ್ಪ. ಅವ್ರಿಗೆಲ್ಲ ಬೇರೆ ಏನೂ ಇಲ್ಲ.”

“ನನ್ನ ನೆನಪು ಅಂತ ಹಾಕು.”

ಒಂದು ಆಧಾರವನ್ನು ಕಿತ್ತು ಅದರ ಜಾಗದಲ್ಲಿ ಇನ್ನೊಂದನ್ನು ಎಲ್ಲ ಕಡೆ ಒಟ್ಟಿಗೆ ಕೂರಿಸುವ ಅನುಕೂಲ ಆ ಸಾಫ್ಟ್‌ವೇರಿನಲ್ಲಿತ್ತು. ಒತ್ತಿದೆ. ಐವತ್ತು ಚಿಲ್ಲರೆ ಕಡೆ ಬದಲಾಗುತ್ತದೆ, ಸರಿಯೇ ಎಂದು ಕೇಳಿತು. ಸರಿ ಎಂದೆ. ಕೆಳಗಿನ ಅಂಚಿನಲ್ಲಿ ನೋಡಿದರೆ ನೂರಾರು ವರ್ಷದ ಹಿಂದೆ ಸತ್ತ ಮೂಲಪುರುಷನ ಹೆಸರಿನಡಿ ‘ದೊಡ್ಡಪ್ಪನವರ ನೆನಪು, ನಂಬಿಕೆ ಮೂರು’ ಎಂದು ಬಂದಿತ್ತು. ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದೆ. ಆ ಮೂಲಪುರುಷನ ಇಬ್ಬರು ಹೆಂಡಿರಲ್ಲಿ ಒಬ್ಬಳೇ ದೊಡ್ಡಪ್ಪನಿಗೆ ನೆನಪಿದ್ದಳು, ಮಕ್ಕಳೆಲ್ಲ ಅವಳಿಗೇ ಹುಟ್ಟಿದ್ದರು.

ಎಲ್ಲ ಕಡೆ ಬದಲಾದಾಗ ಅಜ್ಜಿಯ ಹಾಳೆಯಲ್ಲೂ ಬದಲಾಗಿತ್ತು. ತಾತನ ಎರಡನೆಯ ಮದುವೆ: ದೊಡ್ಡಪ್ಪನವರ ನೆನಪು, ಮೂರು. ಯಂತ್ರಕ್ಕೆ ಭೇದ ಗೊತ್ತಿರಲಿಲ್ಲ. ದೊಡ್ಡಪ್ಪ ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಇದು ನಂಗೆ ನೆನಪಿಲ್ಲ” ಎಂದರು.

ತಲೆಮಾರುಗಳಾಚೆಯ ಹುಟ್ಟು ನೆನಪಿದ್ದ ಮನುಷ್ಯನಿಗೆ ಹನ್ನೊಂದು ವರ್ಷ ಅನ್ನ ಬಡಿಸಿದವಳ ನೆನಪಿರಲಿಲ್ಲ. ನಾನು ಅವಳ ಹಾಳೆ ತೆರೆದೆ, ಆಧಾರದ ಮೇಲೆ ಕ್ಲಿಕ್ ಮಾಡಿದೆ, ತೆಗೆದುಹಾಕು ಎಂದೆ, ಹೌದು ಎಂದೆ. ಚೌಕ ಬೋಳಾಯಿತು. ಅಂಚಿನಲ್ಲಿ ಅಕ್ಷರವೇ ಇರಲಿಲ್ಲ. ಮೊದಲು ಬರೆದಿದ್ದ ಅವಳ ಸ್ವಂತ ಹೇಳಿಕೆಯನ್ನು ಹೆಳವ ಹೇಳಿದ ಮೇಲೆ ಬೇಡವೆಂದು ನಾನೇ ಅಳಿಸಿದ್ದೆ.

‘ಸಂಪಾದಕಿಗೆ ಸ್ವತಃ ತಿಳಿದದ್ದು’ ಎಂಬ ಆಧಾರ ಪಟ್ಟಿಯಲ್ಲಿ ಕಣ್ಣ ಮುಂದೆಯೇ ಇತ್ತು. ಒಂದು ಸಲ ಒತ್ತಿದ್ದರೆ ಸಾಕಾಗಿತ್ತು. ಅಪ್ಪ ಅವಳನ್ನು ಅವ್ವ ಎಂದು ಕರೆದದ್ದನ್ನು ಕಿವಿಯಾರೆ ಕೇಳಿದವಳು ನಾನು. ಒತ್ತಲಿಲ್ಲ. ಹೆದರಿಕೆಯಾಯಿತು ಎಂದು ಹೇಳಿಕೊಂಡರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ, ಆದರೆ ಹೆದರಿಕೆ ಅಲ್ಲ. ದೊಡ್ಡಪ್ಪ ರೇಗಿದರೆ ಮೊದಲ ಪುಟದಿಂದ ನನ್ನ ಹೆಸರು ಹೋಗುತ್ತದೆ ಎಂದು ಯೋಚಿಸಿದೆ. ಅಷ್ಟೇ ಯೋಚಿಸಿದ್ದು.

ದೊಡ್ಡಪ್ಪ ಅವಳ ಹೆಸರನ್ನೇ ತೆಗೆಯಲು ಹೇಳಿದರು. ಬೇಡ ಎಂದವಳು ನಾನೇ. ಒಳ್ಳೆಯ ಪುಸ್ತಕದಲ್ಲಿ ಆಧಾರವಿಲ್ಲದವರನ್ನು ಬಿಡುವುದಿಲ್ಲ, ಕೊನೆಯಲ್ಲಿ ಬೇರೆ ಹಾಕುತ್ತಾರೆ ಎಂದು ಅವರಿಗೆ ತಿಳಿಸಿ ಹೇಳಿದೆ. ಹೀಗೆ ‘ಆಧಾರ ಸಿಗದ ಹೆಸರುಗಳು’ ಎಂಬ ಹಿಂದಿನ ಪುಟ ಹುಟ್ಟಿತು. ತಲೆಬರಹಕ್ಕೆ ಒಳ್ಳೆ ಅಕ್ಷರ ಆರಿಸಿದೆ, ಸುತ್ತ ತೆಳು ಗೆರೆಯ ಚೌಕಟ್ಟು ಹಾಕಿದೆ. ಅದರಲ್ಲಿ ಏಳು ಹೆಸರಿದ್ದವು, ಬದುಕಿದ್ದವಳು ಅಜ್ಜಿ ಒಬ್ಬಳೇ. ನಾನು ಅವಳಿಗೆ ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ.

ಪುಸ್ತಕದ ಬಿಡುಗಡೆ ಯಡಿಯೂರಿನ ಒಂದು ಛತ್ರದಲ್ಲಿ ಆಯಿತು. ದೇವರ ದರ್ಶನ ಮುಗಿಸಿ ಎಲ್ಲರೂ ಊಟಕ್ಕೆ ಸೇರಿದ್ದರು. ದೊಡ್ಡಪ್ಪನಿಗೆ ಶಾಲು ಹೊದಿಸಿದರು, ನನಗೆ ಒಂದು ಹಾರ. ಅಜ್ಜಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ತಮ್ಮನ ಮಗಳು ಪುಸ್ತಕದಲ್ಲಿ ಹುಡುಕಿ ಹುಡುಕಿ ಕೊನೆಯ ಪುಟಕ್ಕೆ ಬಂದಳು. ತಲೆಬರಹ ಓದಿ ನನ್ನ ಕಡೆ ನೋಡಿದಳು. ನಾನು ಹಾರ ಸರಿಮಾಡಿಕೊಳ್ಳುತ್ತಿದ್ದೆ. ಅವಳು ಅಜ್ಜಿಯ ಬೆರಳು ಹಿಡಿದು ಹೆಸರಿನ ಮೇಲಿಟ್ಟು, “ಇಲ್ಲೈತೆ ನೋಡತ್ತೆ” ಎಂದಷ್ಟೇ ಹೇಳಿದಳು.

ಅಜ್ಜಿ ಎದ್ದು ನನ್ನ ಹತ್ತಿರ ಬಂದಳು. ನನ್ನ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ಲಟಿಕೆ ಮುರಿದಳು. “ಹೆಸ್ರು ಹಾಕುದ್ಯಲ್ಲ, ಸಾಕು ಬುಡು. ನಿಮ್ಮಪ್ಪನ ಮಗಳು ಕಣೇ ನೀನು” ಎಂದಳು. ಹಿಂದಿನ ಪುಟದ ಅರ್ಥ ಏನು ಎಂದು ಆಗ ಹೇಳಬಹುದಾಗಿತ್ತು. “ಊಟ ಮಾಡ್ಕೊಂಡೋಗಿ ಅಜ್ಜಿ” ಎಂದೆ.

ಎರಡು ವರ್ಷ ಕಳೆಯಿತು. ಒಂದು ದಿನ ಬೆಳಗ್ಗೆ ದೊಡ್ಡಪ್ಪ ಫೋನ್ ಮಾಡಿ, “ಕುಣಿಗಲ್ಲಿನವಳು ಹೋದಳಂತೆ, ಹೊಲಕ್ಕೇ ತರ್ತಿದಾರಂತೆ. ಪುಸ್ತಕ ತಗೊಂಡು ಬಾ” ಎಂದರು. ಅವಳು ಸತ್ತಳು ಎಂದು ನನಗೆ ತಿಳಿದದ್ದು ಹಾಗೆ. ಅಮ್ಮ ಸೆರಗು ಬಾಯಿಗೆ ಹಿಡಿದು ಅತ್ತರು. ನಾನು ಪುಸ್ತಕವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೊರಟೆ.

ಗುಬ್ಬಿಯಿಂದ ದೊಡ್ಡಪ್ಪ ಗೊತ್ತುಮಾಡಿದ್ದ ಕಾರಿನಲ್ಲಿ ನಾವಿಬ್ಬರೂ ಹೊಲ ಮುಟ್ಟುವಷ್ಟರಲ್ಲಿ ಗುಂಡಿ ತೋಡಿ ಮುಗಿದಿತ್ತು. ತಾತನ ಎಡಗಡೆಗೇ ತೋಡಿದ್ದರು. ಹೊಲದ ಕೆಲಸದ ಮುದುಕ ಗುದ್ದಲಿ ಊರಿಕೊಂಡು ನಿಂತಿದ್ದ. ತಮ್ಮನ ಮಗಳು ಅವನಿಗೆ ಹೇಳಿ ಕಳಿಸಿದ್ದಳು, ಅವನು ಯಾರನ್ನೂ ಕೇಳದೆ ತೋಡಿದ್ದ. ಟೆಂಪೋ ಬೇವಿನ ಮರದ ಕೆಳಗೆ ನಿಂತಿತ್ತು. ಒಳಗೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಎದೆಗೆ ಬಟ್ಟೆ ಕಟ್ಟಿದ್ದರು. ಹಣೆ ತುಂಬ ವಿಭೂತಿ. ಹೊಸ ಸೀರೆ ಉಡಿಸಿದ್ದರು. ಮುಖ ನಮ್ಮ ಕಡೆಗೇ ಇತ್ತು.

“ಯಾರನ್ನ ಕೇಳಿ ತೋಡುದ್ರಿ?” ಎಂದರು ದೊಡ್ಡಪ್ಪ.

ತಮ್ಮನ ಮಗಳು ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕ ಬಿಚ್ಚಿದಳು. ಅದರ ಕೊನೆಯ ಪುಟ ಬೆರಳು ಸವರಿ ಸವರಿ ಮಾಸಿಹೋಗಿತ್ತು. “ಹೆಸ್ರೈತಲ್ಲ ಸ್ವಾಮಿ, ನೋಡಿ.”

“ಇದು ಹಿಂದಿನ ಪುಟ ಕಣಮ್ಮ. ಮೇಲ್ಗಡೆ ಏನು ಬರ್ದಿದೆ ಓದು.”

ಅವಳು ಓದಲಿಲ್ಲ. ಅವಳಿಗೆ ಅದು ಬಾಯಿಪಾಠವಾಗಿತ್ತು ಎಂದು ಕಾಣುತ್ತದೆ.

ಆಗ ಮುದುಕ ಬಾಯಿ ಹಾಕಿದ. “ಅಮ್ಮೋರ್ಗೆ ಸೀರೆ ಉಡ್ಸಿದ್ ದಿನ ಪಂಜು ಹಿಡ್ದಿದ್ದೋನು ನಾನೇ ಬುದ್ದಿ. ಈ ಕಣ್ಣಲ್ಲೇ ನೋಡಿವ್ನಿ.”

“ನಿನ್ನ ಯಾರ್ಲಾ ಕೇಳುದ್ರು?” ದೊಡ್ಡಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ನಿಜವೇ, ಯಾರೂ ಕೇಳಿರಲಿಲ್ಲ. ಒಂದು ವರ್ಷದ ಭಾನುವಾರಗಳಲ್ಲಿ ನಾನು ಇನ್ನೂರು ಜನರ ಹುಟ್ಟುಸಾವು ಕೆದಕಿದ್ದೆ. ಅಜ್ಜಿ ಬಾಯಿಬಿಟ್ಟು ಹೇಳಿದ ಒಬ್ಬನನ್ನು ಮಾತ್ರ ಕೇಳಿರಲಿಲ್ಲ.

ತಮ್ಮನ ಮಗಳು ನನ್ನ ಎದುರಿಗೆ ಬಂದು ನಿಂತಳು. ಅವಳಿಗೂ ನನಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. “ಅಕ್ಕ, ನೀವು ಚಿಕ್ಕೋರಿದ್ದಾಗ ನಮ್ಮನೆಗೆ ಬರ್ತಿದ್ರಿ. ನಿಮ್ಮಪ್ಪಾರು ಅವ್ವ ಅಂತಿದ್ರು. ನೀವೊಂದ್ ಮಾತು ಹೇಳಿ. ನಿಮ್ ಮಾತು ಕೇಳ್ತಾರೆ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲಿ ಒಂದು ಮಾತು ಹೇಳಿದರೆ ಪುಸ್ತಕ ಸುಳ್ಳಾಗುತ್ತಿತ್ತು. ಅದರ ಮೊದಲ ಪುಟದಲ್ಲಿ ನನ್ನ ಹೆಸರಿತ್ತು.

“ಪುಸ್ತಕದಲ್ಲಿ ಇರೋದೇ ತಾನೆ ನಾವು ನೋಡ್ಬೇಕಾಗಿರೋದು” ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಟೆಂಪೋ ಹತ್ತಿ, ಅಜ್ಜಿಯ ಎದೆಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿ ಮಾಡಿ, ಪಕ್ಕದಲ್ಲಿ ಕುಳಿತು ಕುರ್ಚಿಯನ್ನು ಅವುಚಿ ಹಿಡಿದಳು. ಪುಸ್ತಕವನ್ನು ಬೇವಿನ ಮರದ ಬುಡದಲ್ಲೇ ಬಿಟ್ಟಳು. ಡ್ರೈವರ್ ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸಿದ. ಕಾಲುದಾರಿಯ ಹಳ್ಳಕೊಳ್ಳಕ್ಕೆ ಅಜ್ಜಿಯ ತಲೆ ಆಡುತ್ತಿತ್ತು, ಅವಳು ಒಂದು ಕೈಯಲ್ಲಿ ಅದನ್ನೂ ಹಿಡಿದುಕೊಂಡಳು. ಕುಣಿಗಲ್ಲಿನಲ್ಲಿ ಊರೊಟ್ಟಿನ ಜಾಗದಲ್ಲಿ ಸಾಯಂಕಾಲದ ಹೊತ್ತಿಗೆ ಮಣ್ಣು ಮಾಡಿದರೆಂದು ಆಮೇಲೆ ತಿಳಿಯಿತು.

ಟೆಂಪೋ ಮರೆಯಾದ ಮೇಲೆ ಗುಂಡಿ ಮುಚ್ಚು ಎಂದರು ದೊಡ್ಡಪ್ಪ. ಮುದುಕ ಕದಲಲಿಲ್ಲ.

“ತೋಡಿದ ಗುಂಡೀನ ಬರಿದೇ ಮುಚ್ಚಬಾರ್ದು ಬುದ್ದಿ. ಅದು ಮನೇರಲ್ಲಿ ಇನ್ನೊಬ್ರನ್ನ ಕೇಳ್ತದೆ.”

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ವಯಸ್ಸಾದವರೆಂದರೆ ಈಗ ಅವರೇ. ಪಕ್ಕದ ತೋಟಕ್ಕೆ ಆಳು ಓಡಿಸಿ ಒಂದು ಬೂದುಗುಂಬಳಕಾಯಿ ತರಿಸಿದರು. ಅದಕ್ಕೆ ವಿಭೂತಿ ಬಳಿಸಿದರು, ತಮ್ಮ ಹೆಗಲ ಮೇಲಿನ ಬಿಳಿ ಟವೆಲ್ಲು ಸುತ್ತಿದರು. ಮುದುಕ ಗುಂಡಿಗೆ ಇಳಿದು, ಅದನ್ನು ಉರುಳದ ಹಾಗೆ ತಾತನ ಮಗ್ಗುಲಿಗೆ ಒತ್ತಿ ಕೂರಿಸಿ ಮೇಲೆ ಬಂದ. ದೊಡ್ಡಪ್ಪ ಕಣ್ಣು ಮುಚ್ಚಿ ಕೈಮುಗಿದು ಮೊದಲ ಹಿಡಿ ಮಣ್ಣು ಹಾಕಿದರು. ನೀನೂ ಹಾಕು ಎಂದರು.

ನಾನೂ ಒಂದು ಹಿಡಿ ಹಾಕಿದೆ.